ಕಲ್ಲಿನ ಮೇಲಿಟ್ಟ ಸೀರೆ

"ತಗೋರಿ. ಮೊದ್ಲು ಇದನ್ನ ಉಟ್ಕೋರಿ."

ಅವನು ಚಾಚಿದ ಕೈಯಲ್ಲಿ ಹೊಸ ಸೀರೆಯಿತ್ತು. ಅಂಗಡಿಯ ಮಡಿಕೆಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.

ಅಯ್ಯಮ್ಮ ಸೀರೆಯನ್ನು ನೋಡಿದಳು. ಆ ಕೈಯನ್ನು ನೋಡಿದಳು. ಮೈಗಂಟಿದ ಒದ್ದೆ ಬಟ್ಟೆಯಿಂದ ನೀರು ಇಳಿಯುತ್ತಿತ್ತು, ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಪಕ್ಕದ ಬಂಡೆಯ ಮೇಲೆ ಅವಳ ಅತ್ತೆ ಬಸ್ಸಮ್ಮ, ಇದ್ದ ಒಂದೇ ಒಂದು ಒಣ ಕಂಬಳಿ ಸುತ್ತಿಕೊಂಡು ಕಣ್ಣು ಮುಚ್ಚಿ ಮಲಗಿದ್ದಳು.

'ಬ್ಯಾಡ ಅನ್ನಬೇಕು... ಈಗಲೇ ಅನ್ನಬೇಕು...'

ಅನ್ನಲಿಲ್ಲ. ಕೈ ಚಾಚಿದಳು. ಅವನ ಕೈಯಿಂದ ಅವಳ ಕೈಗೆ ಸೀರೆ ಬಂತು.

ಬೇವಿನ ಮರದ ಹತ್ತಿರ ನಿಂತಿದ್ದ ಮಸ್ಕಿಯ ಇಬ್ಬರು ಹೆಂಗಸರು ಅದನ್ನು ಕಣ್ಣಾರೆ ಕಂಡರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇದು ಹೇಗಾಯಿತು ಅಂತ ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ನೀವೂ ಆ ಮಸ್ಕಿಯ ಹೆಂಗಸರ ಹಾಗೆ ಅರ್ಧ ನೋಡಿ ಪೂರ್ತಿ ಮಾತಾಡಿಬಿಡುತ್ತೀರಿ.

ಅದು ಫಸಲಿ ಸಾವಿರದ ಮುನ್ನೂರ ಐವತ್ತೊಂದು, ನಿಜಾಮರ ಕಾಲ. ಎಳ್ಳಮಾವಾಸ್ಯೆ ಕಳೆದು ಹೊಲದಲ್ಲಿ ಬಿಳಿಜೋಳ ಹಾಲುಗಟ್ಟುತ್ತಿತ್ತು. ಗುರುಗುಂಟಾದಿಂದ ಆಚೆ, ಕಲ್ಲುಗುಡ್ಡಗಳ ನಡುವೆ, ಕಾವುಹೊಂಡ ಅಂತ ಒಂದು ಬಿಸಿನೀರಿನ ಬುಗ್ಗೆ. ಬಂಡೆಯ ಸಂದಿಯಿಂದ ನೀರು ಹಬೆಯಾಡುತ್ತ ಬಂದು ಕಲ್ಲಿನ ಹೊಂಡಕ್ಕೆ ತುಂಬುತ್ತಿತ್ತು. ಹತ್ತಿರ ಹೋದರೆ ಕಡ್ಡಿ ಗೀರಿದಾಗಿನ ಗಂಧಕದ ವಾಸನೆ.

ಚಳಿಗಾಲ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಜನ ಬಂಡಿ ಕಟ್ಟಿಕೊಂಡು ಬಂದು, ಬಂಡೆಗಳ ಮರೆಯಲ್ಲಿ ಚಪ್ಪರ ಹಾಕಿಕೊಂಡು ಏಳು ದಿನ ಇರುತ್ತಿದ್ದರು. ಬೆಳಿಗ್ಗೆ ಹೊಂಡದಲ್ಲಿ ಕುತ್ತಿಗೆಯ ತನಕ ಮುಳುಗಿ ಕೂರುವುದು. ಆಮೇಲೆ ಎಳೆಬಿಸಿಲು ಕಾಯುವುದು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಮತ್ತೆ ಅಡ್ಡಾಗುವುದು. ಮೊಣಕಾಲು ನೋವಿನ ಮುದುಕಿಯರ ನೆಪದಲ್ಲಿ ಸೊಸೆಯಂದಿರಿಗೂ ಏಳು ದಿನ ಬೀಸುವುದು, ಹೊರುವುದು ತಪ್ಪುತ್ತಿತ್ತು.

ಹೊಂಡ ನೋಡಿಕೊಳ್ಳುತ್ತಿದ್ದವರು ಮುದುಕ ಇಮಾಮ್‌ಸಾಬ್. ನಸುಕಿನಲ್ಲಿ ಹೆಂಗಸರ ಹೊತ್ತು. ಆಗ ಅವರು ಬೇವಿನ ಮರಕ್ಕೆ ಹಸಿರು ಬಟ್ಟೆ ಕಟ್ಟುತ್ತಿದ್ದರು. ಬಿಸಿಲು ಬಿದ್ದ ಮೇಲೆ ಬಟ್ಟೆ ಬಿಚ್ಚಿದರೆ ಗಂಡಸರ ಹೊತ್ತು.

ಸಂತೆಕಲ್ಲೂರಿನಿಂದ ಅಯ್ಯಮ್ಮ ತನ್ನ ಅತ್ತೆಯನ್ನು ಕರೆತಂದಿದ್ದಳು. ಅವಳಿಗೆ ಇಪ್ಪತ್ನಾಲ್ಕು ವರ್ಷ. ಗಂಡ ಜ್ವರದಲ್ಲಿ ಹೋಗಿ ಆರು ವರ್ಷವಾಗಿತ್ತು. ಮಕ್ಕಳಿಲ್ಲ. ತವರಿಗೆ ಹೋಗಲಿಲ್ಲ, ಬಸ್ಸಮ್ಮ ಕಳಿಸಲೂ ಇಲ್ಲ. ಈ ಆರು ವರ್ಷದಲ್ಲಿ ಅವಳು ಒಂದು ಹೊಸ ಸೀರೆಯ ಮಡಿಕೆಯನ್ನೂ ಬಿಚ್ಚಿರಲಿಲ್ಲ. ಅತ್ತೆ ಉಟ್ಟು ಹಳೆಯದಾದವೇ ಅವಳಿಗೆ ಹೊಸವು.

ಎರಡನೆಯ ದಿನ ಬಸ್ಸಮ್ಮ ನೀರಿನಿಂದ ಏಳುವುದು ತಡವಾಯಿತು. ಬೇರೆ ಹೆಂಗಸರು ಹೋಗಿಯಾಗಿತ್ತು. ಎಲ್ಲರೂ ಹೋದರೆಂದುಕೊಂಡು ಮರದ ಬಳಿ ಇಮಾಮ್‌ಸಾಬ್ ಹಸಿರು ಬಟ್ಟೆ ಬಿಚ್ಚಿದರು. ಅದೇ ಹೊತ್ತಿಗೆ ಪಾಚಿಗಲ್ಲಿನ ಮೇಲೆ ಬಸ್ಸಮ್ಮನ ಕಾಲು ಜಾರಿತು. ಅಯ್ಯಮ್ಮ ಒಣಬಟ್ಟೆಯ ಗಂಟನ್ನು ಎದೆಗವಚಿಕೊಂಡೇ ಹಾರಿದಳು. ಗಂಟು ಎಲ್ಲೋ ಮುಳುಗಿತು, ಅತ್ತೆ ಕೈಗೆ ಸಿಕ್ಕಳು, ಆದರೆ ಮೇಲಕ್ಕೆ ಎತ್ತಲಾಗಲಿಲ್ಲ.

"ಯಾರಾದ್ರೂ ಬರ್ರಿ... ಅತ್ತಿ ಬಿದ್ದಾಳ..."

ಮೊದಲು ಓಡಿಬಂದವನು ನರಸಣ್ಣ. ಲಿಂಗಸುಗೂರಿನ ದವಾಖಾನೆಯಲ್ಲಿ ಕಂಪೌಂಡರ್. ದೊಡ್ಡಮ್ಮ ಪೀರಮ್ಮನ ಕೀಲುನೋವಿಗೆಂದು ಹೊಂಡಕ್ಕೆ ಬಂದಿದ್ದ. ಮುದುಕಿಯನ್ನು ಎತ್ತಿ ಬಂಡೆಯ ಮೇಲೆ ಮಲಗಿಸಿ, ಬಂಡೆಯ ಮೇಲೆ ಉಳಿದಿದ್ದ ಕಂಬಳಿ ಹೊದಿಸಿ, ನಾಡಿ ನೋಡಿದ. ಆಮೇಲೆ ತಲೆ ಎತ್ತಿ ನೋಡಿದರೆ ಸೊಸೆಯ ತುಟಿ ನೀಲಿಯಾಗಿತ್ತು. ಅವನ ಹೆಗಲ ಚೀಲದಲ್ಲಿ ಪೀರಮ್ಮನಿಗೆ ಸಂಕ್ರಾಂತಿಗೆಂದು ತಂದ ಸೀರೆಯಿತ್ತು.

ಅದನ್ನೇ ತೆಗೆದು ಕೊಟ್ಟ. ಅವನ ಮಟ್ಟಿಗೆ ಅಷ್ಟೇ.

ಆದರೆ ಆ ಹಳ್ಳಿಗಳಲ್ಲಿ ಅದು ಅಷ್ಟೇ ಅಲ್ಲ.

ಅಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆಯಿದೆ. ಅದಕ್ಕೆ ಉಡಕಿ ಅನ್ನುತ್ತಾರೆ. ಹಂದರವಿಲ್ಲ, ಅಕ್ಕಿಕಾಳಿಲ್ಲ. ಗಂಡಸು ಹೊಸ ಸೀರೆ ಕೊಡುತ್ತಾನೆ, ಅವಳು ಉಡುತ್ತಾಳೆ. ಹಾಗಾಗಿ ಪರ ಗಂಡಸು ಗಂಡ ಸತ್ತವಳಿಗೆ ಕರುಣೆಗೆ ಬಟ್ಟೆ ಕೊಡುವುದಿದ್ದರೆ ಕಲ್ಲಿನ ಮೇಲೋ ನೆಲದ ಮೇಲೋ ಇಡಬೇಕು. ಅವಳು ಎತ್ತಿಕೊಂಡರೆ ಅದು ಬರೀ ಬಟ್ಟೆ. ಕೈಯಿಂದ ಕೈಗೆ ಬಂದರೆ ಉಡಕಿ. ಕೊಟ್ಟವನು ಹೌದೆಂದರೆ ಅವಳು ಅವನ ಮನೆಯವಳು. ಇಲ್ಲವೆಂದರೆ ಸೀರೆ ವಾಪಸ್ಸು ಹೋಗುತ್ತದೆ, ಅವಳ ಹೆಸರು ಕೆಡುತ್ತದೆ, ಮುಂದೆ ಯಾರೂ ಅವಳನ್ನು ಕೇಳುವುದಿಲ್ಲ.

ಇದು ಅಯ್ಯಮ್ಮನಿಗೆ ಗೊತ್ತಿತ್ತು. 'ಕಲ್ಲಿನ ಮ್ಯಾಲೆ ಇಡ್ರಿ' ಅಂದಿದ್ದರೆ ಮುಗಿಯುತ್ತಿತ್ತು. ಮೂರೇ ಶಬ್ದ. ಚಳಿಗೆ ಬಾಯಿ ಬರಲಿಲ್ಲ ಅಂತ ಆಮೇಲೆ ತನಗೆ ತಾನೇ ನೂರು ಸಲ ಹೇಳಿಕೊಂಡಳು.

ಬಂಡೆಯ ಮರೆಯಲ್ಲಿ ಆ ಸೀರೆ ಉಟ್ಟಳು. ಹಸಿರು ಮೈ, ಕೆಂಪು ದಡಿ. ಮಡಿಕೆಯ ಗೆರೆಗಳು ಮೈಮೇಲೆ ಚೌಕ ಚೌಕವಾಗಿ ಕಾಣುತ್ತಿದ್ದವು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿದಾಗ ಅವಳ ಕಣ್ಣು ತುಂಬಿಬಂತು.

ಅತ್ತೆಯನ್ನು ಎತ್ತಿಸಿಕೊಂಡು ಚಪ್ಪರಕ್ಕೆ ಹೋಗುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಯಾರೂ ಏನೂ ಕೇಳಲಿಲ್ಲ. ಹೆಣ್ಣಿನ ಕಡೆಯ ಗಂಡಸರು ಬಂದು ಕೇಳುವ ತನಕ ಆ ಮಾತು ಎತ್ತಬಾರದು, ಅದೂ ರಿವಾಜೇ. ಹೆಂಗಸರು ಬರೀ ಸೀರೆಯನ್ನು ನೋಡಿದರು.

ಬಸ್ಸಮ್ಮ ಎಚ್ಚರಗೊಂಡು ಸೊಸೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಅತ್ತಿ... ಗಂಟು ನೀರಾಗ ಹೋತು. ಉಡಾಕ ಬ್ಯಾರೆ ಇರಲಿಲ್ಲ."

"ಹೂಂ," ಅಂದಳು ಬಸ್ಸಮ್ಮ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗುವ ಹಾಗೆ ಬಂಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಮರುದಿನ ಮುಳುಗಿದ ಗಂಟು ಸಿಕ್ಕಿತು. ಅಯ್ಯಮ್ಮ ಹಳೆಯ ಸೀರೆ ಒಣಗಿಸಿ ಉಟ್ಟುಕೊಂಡು, ಹೊಸದನ್ನು ಒಗೆದು ಮಡಚಿ, ಪೀರಮ್ಮನ ಚಪ್ಪರದ ಕಡೆ ಹೊರಟಳು. ಕಾಲು ಭಾರವಾಗಿದ್ದವು.

'ಈಗ ಅಂವ ತಿರುಗಿ ಇಸ್ಕೊಂಡ್ರ ಮುಗೀತು. ಎಲ್ಲಾ ಮುಗೀತು. ಅದೇ ಚಲೋ...'

ನರಸಣ್ಣ ಒಲೆಯ ಮುಂದೆ ಕೂತು ದೊಡ್ಡಮ್ಮನಿಗೆ ಎಣ್ಣೆ ಬಿಸಿ ಮಾಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿಮ್ಮ ಅತ್ತಿ ಹೆಂಗದಾರ್ರೀ?"

"ಆರಾಮ ಅದಾರ. ಇದು... ನಿಮ್ಮ ಸೀರಿ."

ಅವನು ಕೈ ಮುಂದೆ ಮಾಡಲಿಲ್ಲ. "ಉಟ್ಟದ್ದನ್ನ ವಾಪಸ್ ಯಾಕ ತಂದ್ರಿ? ಇರ್ಲಿ ಬಿಡ್ರಿ. ಕೊಟ್ಟದ್ದು ಕೊಟ್ಟಾತು."

ಚಪ್ಪರದೊಳಗಿನಿಂದ ಪೀರಮ್ಮ ಇಣುಕಿದಳು. ಅಯ್ಯಮ್ಮನನ್ನು ತಲೆಯಿಂದ ಕಾಲಿನ ತನಕ ನೋಡಿ, ಸಣ್ಣಗೆ ನಕ್ಕು ಒಳಗೆ ಸರಿದಳು. ಹುಡುಗ ತಾನೇ ತಿಳಿದು ಕೊಟ್ಟಿದ್ದಾನೆ ಅಂತ ಅವಳ ಲೆಕ್ಕ. ಈ ಹುಡುಗ ಐದು ವರ್ಷದವನಿದ್ದಾಗಲೇ ಸೋದರಮಾವನ ಜೊತೆ ಹೈದರಾಬಾದಿಗೆ ಹೋದವನು, ಉರ್ದು ಶಾಲೆಯಲ್ಲಿ ಓದಿದವನು, ಊರಿಗೆ ತಿರುಗಿ ಬಂದು ಎರಡೇ ವರ್ಷವಾಗಿದೆ ಅನ್ನುವುದು ಆ ಗಳಿಗೆಗೆ ಅವಳಿಗೆ ನೆನಪಾಗಲಿಲ್ಲ.

ಅಯ್ಯಮ್ಮ ಸೀರೆಯನ್ನು ಎದೆಗವಚಿಕೊಂಡು ತಿರುಗಿ ಬಂದಳು. ಹೋಗುವಾಗ ಭಾರವಾಗಿದ್ದ ಕಾಲು ಬರುವಾಗ ನೆಲ ಮುಟ್ಟಿದ ನೆನಪೇ ಇಲ್ಲ ಅವಳಿಗೆ.

'ಕೊಟ್ಟದ್ದು ಕೊಟ್ಟಾತು ಅಂದ... ಹಂಗಾದ್ರ ಅಂವಗ ಗೊತ್ತೈತಿ. ತಿಳಿದೇ ಕೊಟ್ಟಾನ.'

ಉಳಿದ ದಿನಗಳು ಹೇಗೆ ಹೋದವೋ. ನರಸಣ್ಣ ದಿನಾ ಬಸ್ಸಮ್ಮನ ಮೊಣಕಾಲು ನೋಡಲು ಬರುತ್ತಿದ್ದ. ದವಾಖಾನೆಯ ಮುಲಾಮು ಕೊಟ್ಟ. ಬರುವವನು ಬಂಡೆಯ ಆಚೆ ನಿಂತು ಕೆಮ್ಮಿ, ಬರಬಹುದೇ ಅಂತ ಕೇಳಿಯೇ ಬರುತ್ತಿದ್ದ. ಅಯ್ಯಮ್ಮನಿಗೆ ಅದು ಹೊಸದು. ಅವಳನ್ನು ಯಾರೂ ಏನನ್ನೂ ಕೇಳಿ ಮಾಡಿದ್ದಿಲ್ಲ.

ಒಂದು ಬೆಳಿಗ್ಗೆ ಬಿಸಿಲು ಕಾಯುತ್ತ ಕೂತಾಗ ಅವಳೇ ಮಾತು ತೆಗೆದಳು.

"ಹೈದರಾಬಾದು ಭಾಳ ದೊಡ್ಡದೇನ್ರೀ?"

"ದೊಡ್ಡದೈತಿ. ಆದ್ರ ಅಲ್ಲಿ ಚಳಿಗಾಲದಾಗ ಬಿಸಿನೀರು ಬೇಕಂದ್ರ ಸೌದಿ ಒಡೀಬೇಕು."

ಅವಳಿಗೆ ನಗು ಬಂತು. ಆರು ವರ್ಷದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು. ಅವನು ಆ ನಗುವನ್ನು ನೋಡಿ ತನ್ನ ಮಾತು ಮರೆತ. ಬಸ್ಸಮ್ಮ ಮಾತ್ರ ನಗಲಿಲ್ಲ, ರೊಟ್ಟಿ ಮುರಿಯುತ್ತ ಕೂತಿದ್ದಳು.

ಏಳನೆಯ ದಿನ ಬಂಡಿ ತಗೊಂಡು ಬಂದವನು ಅಂಬಪ್ಪ, ಬಸ್ಸಮ್ಮನ ಹಿರಿಮಗ, ಅಯ್ಯಮ್ಮನಿಗೆ ಭಾವ. ಗುರುಗುಂಟಾದ ಹೋಟೆಲಿನಲ್ಲೇ ಅವನಿಗೆ ಸುದ್ದಿ ಸಿಕ್ಕಿತ್ತು.

ಅಂದು ಅಯ್ಯಮ್ಮ ಹಸಿರು ಸೀರೆ ಉಟ್ಟಿದ್ದಳು. ಇಂದು ಕೇಳುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಕೇಳುವ ಹೊತ್ತಿಗೆ ಈ ಸೀರೆ ಮೈಮೇಲೆ ಇರಬೇಕು ಅನ್ನಿಸಿತ್ತು, ಅದಕ್ಕೆ ಉಟ್ಟಳು. ನೋಡಿ, ಆಸೆ ಅನ್ನುವುದು ಎಷ್ಟು ಧೈರ್ಯ ಕೊಡುತ್ತದೆ.

ಬೇವಿನ ಮರದ ಕೆಳಗೆ ಇಮಾಮ್‌ಸಾಬ್ ಚಾಪೆ ಹಾಸಿದರು. ನಾಲ್ಕು ಮಂದಿ ಹಿರಿಯರು ಕೂತರು. ನರಸಣ್ಣನನ್ನು ಕರೆಸಿದರು. ಯಾರದೋ ಕಾಯಿಲೆ ಇರಬೇಕು ಅಂದುಕೊಂಡು ಅವನು ಔಷಧದ ಚೀಲ ಹಿಡಿದೇ ಬಂದ.

ಅಂಬಪ್ಪ ಗದ್ದಲದ ಮನುಷ್ಯನಲ್ಲ. ಮೆಲ್ಲಗೇ ಕೇಳಿದ.

"ಜಗಳಕ್ಕ ಬಂದಿಲ್ಲರೀ ನಾವು. ನಿಮ್ಮ ಕುಲ ಕೇಳೀನಿ, ನಮ್ಮದೂ ಅದೇ ಕುಲ. ಬೆಡಗು-ಗೋತ್ರ ಬ್ಯಾರೆ ಐತಿ, ತೊಂದ್ರಿ ಇಲ್ಲ. ನಮ್ಮ ಮನಿ ಹೆಣ್ಣಮಗಳಿಗೆ ಕೈಲೆ ಸೀರಿ ಕೊಟ್ಟೀರಿ. ಏನಂತ ಕೊಟ್ಟೀರಿ?"

ನರಸಣ್ಣನಿಗೆ ಅರ್ಥವಾಗಲಿಲ್ಲ. "ಏನಂತ ಅಂದ್ರ? ಚಳಿಗೆ ಕೊಟ್ಟೆ."

"ಚಳಿಗೆ ಕೊಟ್ರ ಕಲ್ಲಿನ ಮ್ಯಾಲೆ ಇಡ್ತಾರರೀ. ಕೈಲೆ ಕೊಟ್ರ ಉಡಕಿ ಆಕ್ಕತಿ."

ಇಮಾಮ್‌ಸಾಬ್ ಅವನ ಪಕ್ಕಕ್ಕೆ ಬಾಗಿ ರಿವಾಜನ್ನು ಎರಡು ಮಾತಿನಲ್ಲಿ ಬಿಡಿಸಿ ಹೇಳಿದರು. ಅವನ ಮುಖ ಬಿಳಿಚಿಕೊಂಡಿತು. ತಲೆ ಎತ್ತಿ ಬಂಡೆಯ ಹತ್ತಿರ ನಿಂತಿದ್ದ ಅಯ್ಯಮ್ಮನ ಕಡೆ ನೋಡಿದ. ಅವಳು ಸೆರಗು ಮುಂದಕ್ಕೆಳೆದುಕೊಂಡು ತಲೆ ತಗ್ಗಿಸಿದ್ದಳು. ಹೆಣ್ಣು ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿಯೇ ನಿಲ್ಲಬೇಕು, ಅವನಿಗೆ ಅದೂ ಗೊತ್ತಿರಲಿಲ್ಲ. ತನ್ನ ತಪ್ಪಿನಿಂದ ಬೋನಿಗೆ ಬಿದ್ದವಳ ಹಾಗೆ ಕಂಡಳು ಅವನಿಗೆ.

"ಮಾಫ್ ಮಾಡ್ರಿ," ಅಂದ. "ನನಗ ಈ ರಿವಾಜು ಗೊತ್ತಿರಲಿಲ್ಲ. ಅವರದು ಏನೂ ತಪ್ಪಿಲ್ಲ. ಚಳಿಗೆ ನಡುಗಾಕತ್ತಿದ್ರು, ಕೊಟ್ಟೆ. ನನ್ನ ಮನಸಿನ್ಯಾಗ ಬ್ಯಾರೆ ಏನೂ ಇರಲಿಲ್ಲ. ಅವರನ್ನ ಇದರಾಗ ಕಟ್ಟಿಹಾಕಬ್ಯಾಡ್ರಿ."

ಅವಳನ್ನು ಬಿಡಿಸಲು ಆಡಿದ ಮಾತು ಅದು. ಆದರೆ ಅವಳ ಕಿವಿಗೆ ಬಿದ್ದದ್ದು ಒಂದೇ.

'ಮನಸಿನ್ಯಾಗ ಏನೂ ಇರಲಿಲ್ಲ...'

ಅಯ್ಯಮ್ಮ ಅಳಲಿಲ್ಲ. ಬಂಡೆಯ ಮರೆಗೆ ಹೋಗಿ ಅತ್ತೆಯ ಹಳೆಯ ಸೀರೆ ಉಟ್ಟುಕೊಂಡಳು. ಹಸಿರು ಸೀರೆಯನ್ನು ಅಂಗಡಿಯ ಅದೇ ಮಡಿಕೆಗಳ ಮೇಲೆ, ಒಂದೊಂದೇ ಗೆರೆ ಹುಡುಕಿ ಮಡಚಿದಳು. ತಂದು ಅವನ ಮುಂದಿನ ಕಲ್ಲಿನ ಮೇಲೆ ಇಟ್ಟಳು.

ಅವನು ಕೈ ಚಾಚಿದ್ದ. ಕೈಗೆ ಕೊಡಲಿಲ್ಲ.

ಬಂಡಿ ಗುಡ್ಡ ದಾಟುವ ತನಕ ಅವಳು ಹಿಂದಕ್ಕೆ ನೋಡಲಿಲ್ಲ. ನೋಡಿದ್ದರೆ, ಕಲ್ಲಿನ ಮುಂದೆ ಹಾಗೆಯೇ ನಿಂತಿದ್ದವನು ಕಾಣುತ್ತಿದ್ದ.

ಊರಿನಲ್ಲಿ ಮಾತು ನಿಲ್ಲಲಿಲ್ಲ. ಬಾವಿಕಟ್ಟೆಯಲ್ಲಿ ಅವಳು ಹೋದರೆ ಗುಸುಗುಸು ಒಮ್ಮೆಗೇ ನಿಲ್ಲುತ್ತಿತ್ತು. 'ಸೀರಿ ವಾಪಸ್ ಕೊಟ್ಟಾಕಿ' ಅನ್ನುವ ಹೆಸರು ಅವಳ ಹಿಂದೆಯೇ ನಡೆದಾಡಿತು. ಅಂಬಪ್ಪ ಮನೆಯಲ್ಲಿ ಆ ಮಾತು ಎತ್ತಲಿಲ್ಲ. ಬಸ್ಸಮ್ಮನೂ ಎತ್ತಲಿಲ್ಲ.

ಅಯ್ಯಮ್ಮ ಬೀಸಿದಳು, ಹೊತ್ತಳು, ಕಳೆ ತೆಗೆದಳು. ನಗುವುದನ್ನು ಮತ್ತೆ ಬಿಟ್ಟಳು.

'ಚಳಿಗೆ ಕೊಟ್ಟಿದ್ದ. ನಾನ ಹುಚ್ಚಿ... ಯಾಕ ಕೈ ಚಾಚಿದೆ?'

ಆ ಪ್ರಶ್ನೆಗೆ ಉತ್ತರ ಅವಳಿಗೆ ಗೊತ್ತಿತ್ತು. ಸೀರೆ ಕೊಡುವಾಗ ಅವನು ಮುಖ ಆಚೆ ತಿರುಗಿಸಿಕೊಂಡಿದ್ದ. ತುಟಿ ನೀಲಿಯಾದದ್ದು ಕಂಡ ಮೇಲೆ, ಒದ್ದೆ ಮೈಯ ಹೆಣ್ಣು ಎದುರಿಗಿದ್ದರೂ ಮತ್ತೆ ಒಂದು ಸಲವೂ ಕಣ್ಣೆತ್ತಿರಲಿಲ್ಲ. ಆ ಮುಖ ನೋಡಿ ಕೈ ಚಾಚಿದ್ದಳು. ಇದನ್ನು ಯಾರಿಗೆ ಹೇಳುವುದು?

ಆ ವರ್ಷ ಒಂದು ಒಳ್ಳೆಯದಾಯಿತು. ಬಸ್ಸಮ್ಮನ ಮೊಣಕಾಲು ಹಗುರಾದವು. ಸಂತೆಯ ದಿನ ಯಾರೋ ಒಂದು ಮುಲಾಮಿನ ಡಬ್ಬಿ ತಂದು ಕೊಡುತ್ತಿದ್ದರು. ಎಲ್ಲಿಯದು ಅಂತ ಅಯ್ಯಮ್ಮ ಕೇಳಿದರೆ "ಮಸ್ಕಿ ಅಂಗಡೀದು" ಅನ್ನುತ್ತಿದ್ದಳು ಅತ್ತೆ.

ಮತ್ತೆ ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಮರುದಿನ ಬಸ್ಸಮ್ಮ ಅಂದಳು:

"ಅಯ್ಯವ್ವ, ಗಂಟು ಕಟ್ಟು. ಹೊಂಡಕ್ಕ ಹೋಗಾಮು."

ಅಯ್ಯಮ್ಮನ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು. "ನಿಮ್ಮ ಕಾಲು ಚಲೋ ಅದಾವಲ್ಲತ್ತಿ."

"ನೋಯಾಕತ್ಯಾವ," ಅಂದು ಬಸ್ಸಮ್ಮ ಅಂಗಳ ದಾಟಿ ತಾನೇ ನಡೆದುಹೋಗಿ ಬಂಡಿ ಹತ್ತಿ ಕೂತಳು.

ಕಾವುಹೊಂಡ ಹೇಗಿತ್ತೋ ಹಾಗೇ ಇತ್ತು. ಅದೇ ಹಬೆ, ಅದೇ ವಾಸನೆ. ಇಮಾಮ್‌ಸಾಬ್ ಇನ್ನಷ್ಟು ಬಾಗಿದ್ದರು. "ಆವೋ ಬೇಟಿ," ಅಂದರು. "ಹಸಿರು ಬಟ್ಟೆ ಕಟ್ಟೀನಿ. ನೀವಾಗೇ ಬಂದು ಬಿಚ್ಚು ಅನ್ನೋ ತನಕ ಬಿಚ್ಚಂಗಿಲ್ಲ."

ನಸುಕಿನಲ್ಲಿ ಅತ್ತೆ ಸೊಸೆ ಇಬ್ಬರೇ ನೀರಿಗಿಳಿದರು. ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಮಸುಕು. ಬಿಸಿನೀರು ಕುತ್ತಿಗೆ ಮುಟ್ಟಿದಾಗ ಬಸ್ಸಮ್ಮ ದೀರ್ಘ ಉಸಿರು ಬಿಟ್ಟಳು.

"ಒಂದು ಮಾತು ಹೇಳ್ತೀನಿ. ನಡುವ ಮಾತಾಡಬ್ಯಾಡ. ಅವತ್ತು ಬಂಡೆ ಮ್ಯಾಲೆ ಮಲಗಿದ್ನಲ್ಲ, ನನಗ ಎಚ್ಚರ ಇತ್ತು."

ಅಯ್ಯಮ್ಮ ಅತ್ತೆಯ ಕಡೆ ತಿರುಗಿದಳು.

"ಕಣ್ಣು ಅರೆ ತೆರೆದಿದ್ನಿ. ಅಂವ ಸೀರಿ ಹಿಡಿದು ನಿಂತಿದ್ದ. ನೀ ಕಲ್ಲಿನ ಮ್ಯಾಲೆ ಇಡು ಅಂತೀ ಅಂತ ಕಾದೆ. ನೀ ಅನ್ನಲಿಲ್ಲ. ನಿನ್ನ ಮುಖ ನೋಡೀನಿ ನಾನು. ಅದು ಚಳಿ ಅಲ್ಲ ಅಂತ ನನಗ ಗೊತ್ತಾತು."

"ಅತ್ತಿ..."

"ನಡುವ ಮಾತಾಡಬ್ಯಾಡ ಅಂದೆ. ಅಂಬಪ್ಪ ಕೇಳಾಕ ಕುಂತಾಗ ನಾ ಒಂದು ಮಾತು ಆಡಬಹುದಿತ್ತು. ನನ್ನ ಸೊಸಿ ಮನಸಿಟ್ಟು ತಗೊಂಡಾಳ, ನೀ ವಿಚಾರ ಮಾಡಿ ಹೇಳಪಾ ಅಂತ. ಆಡಲಿಲ್ಲ. ಸಣ್ಣ ಮಗ ಹೋದ, ಈಕಿನೂ ಹೋದ್ರ ಆ ಮನ್ಯಾಗ ನಾ ಯಾರ ಮುಖ ನೋಡ್ಲಿ ಅಂತ ಸುಮ್ನಾದೆ. ಒಂದು ವರ್ಷ ಅಂವ ಮುಲಾಮು ಕಳಿಸ್ಯಾನ. ಮಸ್ಕಿ ಅಂಗಡೀದಲ್ಲ ಅದು. ಪ್ರತಿ ಸಲ ನಿನ್ನ ಆರೋಗ್ಯ ಕೇಳಿ ಕಳಿಸ್ಯಾನ. ನಾ ನಿನಗ ಹೇಳಲಿಲ್ಲ."

ಬಸ್ಸಮ್ಮ ಅಂಗೈಯಿಂದ ಮುಖ ಒರೆಸಿಕೊಂಡಳು. "ನನ್ನ ಕಾಲು ಅಂವ ಚಲೋ ಮಾಡಿದ. ನಿನ್ನ ನಗಿ ನಾ ಕಸ್ಕೊಂಡೆ."

ಅಯ್ಯಮ್ಮ ನೀರಿನಲ್ಲೇ ಸರಿದು ಬಂದು ಅತ್ತೆಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಹೊಂಡದ ನೀರು ಅವರ ಕಣ್ಣೀರಿಗಿಂತ ಬಿಸಿಯಾಗಿತ್ತೋ ಇಲ್ಲವೋ ಹೇಳಲಾರೆ.

"ನಿಮ್ಮನ್ನ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲತ್ತಿ."

"ಲಿಂಗಸುಗೂರು ಏನು ಕಾಶಿ ಆತೇನು? ಬಂಡಿ ಕಟ್ಟಿದ್ರ ಒಂದು ದಿನ. ಅಂಬಪ್ಪನ್ನ ದವಾಖಾನಿಗೆ ಕಳಿಸಿ ನಾನ ಹೇಳೀನಿ, ಎಳ್ಳಮಾಸಿ ಆದ ಮ್ಯಾಲೆ ಬರ್ತೀವಿ ಅಂತ. ಬರೋದು ಬಿಡೋದು ಅಂವಗ ಬಿಟ್ಟದ್ದು. ತಗೊಳ್ಳೋದು ಬಿಡೋದು ನಿನಗ ಬಿಟ್ಟದ್ದು."

ಬಸ್ಸಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದಳು. ಪಾಚಿಗಲ್ಲು ಬಂದಾಗ ಮಾತ್ರ ಒಂದು ಗಳಿಗೆ ನಿಂತು, ಕಾಲಿನಿಂದ ಒತ್ತಿ ನೋಡಿ, ದಾಟಿದಳು.

ಬಿಸಿಲು ಬಿದ್ದ ಮೇಲೆ ಅಯ್ಯಮ್ಮ ಒಣ ಸೀರೆ ಉಟ್ಟು, ಕೂದಲು ಒರೆಸಿಕೊಳ್ಳುತ್ತ ಬೇವಿನ ಮರದ ಕಡೆ ಬಂದಳು. ಹಸಿರು ಬಟ್ಟೆ ಬಿಚ್ಚಬಹುದು ಅಂತ ಇಮಾಮ್‌ಸಾಬರಿಗೆ ಹೇಳಬೇಕಿತ್ತು.

ಇಮಾಮ್‌ಸಾಬ್ ಇರಲಿಲ್ಲ. ನರಸಣ್ಣ ನಿಂತಿದ್ದ.

ತುಸು ಬಡವಾಗಿದ್ದ. ಅವಳನ್ನು ಕಂಡು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದ. ಆಮೇಲೆ ಚೀಲದಿಂದ ಒಂದು ಸೀರೆ ತೆಗೆದ. ಹಸಿರು ಮೈ, ಕೆಂಪು ದಡಿ. ಅವಳು ಮಡಚಿದ್ದ ಮಡಿಕೆ ಮಡಚಿದ ಹಾಗೇ ಇತ್ತು.

ಮೂರು ಹೆಜ್ಜೆ ಮುಂದೆ ಬಂದು ಅದನ್ನು ಅವಳ ಎದುರಿನ ಕಲ್ಲಿನ ಮೇಲೆ ಇಟ್ಟ. ಇಟ್ಟು ಹಿಂದಕ್ಕೆ ಸರಿದ.

"ಈಗ ನನಗ ರಿವಾಜು ಗೊತ್ತೈತಿ," ಅಂದ. "ಅದಕ್ಕ ಕಲ್ಲಿನ ಮ್ಯಾಲೆ ಇಟ್ಟೀನಿ. ಬ್ಯಾಡ ಅನಿಸಿದ್ರ ಬಿಟ್ಟು ಹೋಗ್ರಿ. ಯಾರೂ ಏನೂ ಅನ್ನಾಕ ಬರಂಗಿಲ್ಲ."

ಅಯ್ಯಮ್ಮ ಕಲ್ಲನ್ನು ನೋಡುತ್ತ ನಿಂತಳು. "ಅವತ್ತು ಮನಸಿನ್ಯಾಗ ಏನೂ ಇಲ್ಲ ಅಂದಿದ್ರಿ."

"ಕೊಡುವಾಗ ಇರಲಿಲ್ಲ, ಖರೇ ಹೇಳ್ತೀನಿ. ನೀವು ಬಿಸಿಲಾಗ ಕುಂತು ನಕ್ರಿ ನೋಡ್ರಿ, ಅವತ್ತಿಂದ ಇತ್ತು. ಆದ್ರ ಹಿರಿಯರ ಮುಂದ ನೀವು ತಲಿ ತಗ್ಗಿಸಿ ನಿಂತಿದ್ದು ನೋಡಿ... ನನ್ನ ತಪ್ಪಿಗೆ ನಿಮ್ಮ ಬಾಳು ಕಟ್ಟಿಹಾಕಿದೆ ಅನಿಸ್ತು. ನೀವು ಹೋದ ಮ್ಯಾಲೆ ದೊಡ್ಡವ್ವ ಬೈದು ಹೇಳಿದ್ಲು. ಆ ಹುಡುಗಿ ಬ್ಯಾಡ ಅನ್ನೋದಿದ್ರ ಕಲ್ಲಿನ ಮ್ಯಾಲೆ ಇಡ್ರಿ ಅಂತಿದ್ಲು ಹುಚ್ಚಾ, ಅಂದ್ಲು. ಊರಿಗೆ ಬಂದು ಕೇಳೋಣ ಅಂದ್ರ ನಿಮ್ಮ ಹೆಸರಿಗೆ ಇನ್ನೊಂದು ಮಾತು. ಮುಲಾಮು ಒಂದ ದಾರಿ ಇತ್ತು."

ಅವನು ಉಸಿರು ತೆಗೆದುಕೊಂಡ. "ನನಗ ಇನ್ನೂ ಗೊತ್ತಿಲ್ಲ. ಅವತ್ತು ನೀವು ಚಳಿಗೆ ತಗೊಂಡ್ರೋ..."

ವರ್ಷವಿಡೀ ಯಾರಿಗೂ ಹೇಳದ ಮಾತು ಅದು. ಹೇಳಿಬಿಟ್ಟಳು.

"ನನಗ ರಿವಾಜು ಗೊತ್ತಿತ್ತು. ಹುಟ್ಟಿದಾಗಿಂದ ಗೊತ್ತಿತ್ತು. ಚಳಿಗೆ ಬಾಯಿ ಬರಲಿಲ್ಲ ಅಂತ ಸುಳ್ಳು ಹೇಳ್ಕೊಂಡೆ. ನೀವು ಮುಖ ಆಚಿ ಮಾಡಿ ಸೀರಿ ಹಿಡಿದ್ರಿ. ಅದನ್ನ ನೋಡಿ, ತಿಳಿದು, ಕೈ ಚಾಚಿದೆ."

ನರಸಣ್ಣ ಹಿಂದೆ ಸರಿದ ಹೆಜ್ಜೆಯನ್ನು ಮತ್ತೆ ಮುಂದಿಟ್ಟ. ಅವನ ಕಣ್ಣು ಹೊಳೆಯುತ್ತಿದ್ದವು.

ದೂರದಲ್ಲಿ ಚಪ್ಪರದ ಮುಂದೆ ಬಸ್ಸಮ್ಮನೂ ಪೀರಮ್ಮನೂ ಒಂದೇ ಕಂಬಳಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತು, ಈ ಕಡೆ ನೋಡದವರ ಹಾಗೆ ನೋಡುತ್ತಿದ್ದರು. ಮಸ್ಕಿಯ ಬಂಡಿಯೊಂದು ಆಗಷ್ಟೇ ಬಂದು ನಿಂತಿತ್ತು. ಇಬ್ಬರು ಹೆಂಗಸರು ಇಳಿಯುತ್ತಿದ್ದರು. ಅಯ್ಯಮ್ಮ ಅವರನ್ನೂ ಕಂಡಳು. ಸೆರಗು ಮುಂದಕ್ಕೆಳೆದುಕೊಳ್ಳಲಿಲ್ಲ. ತಲೆ ತಗ್ಗಿಸಲಿಲ್ಲ.

"ಕಲ್ಲಿನ ಮ್ಯಾಲಿಂದು ನಾ ತಗೊಳ್ಳಂಗಿಲ್ಲ," ಅಂದಳು.

ಅವನ ಮುಖ ಬಾಡಿತು. "ಆತ್ರೀ. ನಿಮ್ಮ ಖುಷಿ..."

"ಕೈಲೆ ಕೊಡ್ರಿ."

ಅವನು ಬಾಗಿ ಸೀರೆ ಎತ್ತಿಕೊಂಡ. ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಈ ಸಲ ಮುಖ ಆಚೆ ತಿರುಗಿಸಲಿಲ್ಲ, ಅವಳನ್ನೇ ನೋಡಿದ. ಅವಳು ಎರಡೂ ಕೈ ಚಾಚಿದಳು. ಸೀರೆಯ ಕೆಳಗೆ ಅವಳ ಬೆರಳಿಗೆ ಅವನ ಬೆರಳು ತಾಕಿತು. ಯಾರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಬಿಸಿಲು ಬಿದ್ದೈತಿ," ಅಂದಳು ಮೆಲ್ಲಗೆ. "ನಾ ನಡುಗಾಕತ್ತಿಲ್ಲ. ಇದನ್ನ ಏನಂತ ಕೊಡಾಕತ್ತೀರಿ?"

"ಚಳಿಗಲ್ಲ," ಅಂದ ನರಸಣ್ಣ.